ಅಡುಗೆಖೋಲಿಗಾಗಿ ಒಂದು ಸೂಜಿತೂತು

ಅಪ್ಪನ ನೌಕರಿ ಮುಗಿದಿತ್ತು. ವಾಡಿಯಲ್ಲಿ ಕಾರ್ಖಾನೆಯವರು ಕೊಟ್ಟಿದ್ದ ಮನೆಯನ್ನು ಆ ವಾರದೊಳಗೆ ಖಾಲಿ ಮಾಡಬೇಕಿತ್ತು. ಅವ್ವ ಕೇಳಿದ್ದು ಒಂದೇ, ತನ್ನ ಅಡುಗೆಖೋಲಿಯ ಫೋಟೊ.

"ಇಡೀ ಖೋಲಿ ಬರಬೇಕು ನೋಡು. ತುಕಡಿ ತುಕಡಿ ಬ್ಯಾಡ."

ಆ ಖೋಲಿಯೋ, ಇನ್ನೊಬ್ಬರು ಒಳಗೆ ಬಂದರೆ ಇದ್ದವರು ಹೊರಗೆ ಹೋಗಬೇಕು. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಫೋನಿನಲ್ಲಿ ಒಲೆ ಬಂದರೆ ಕಪಾಟು ಇಲ್ಲ, ಕಪಾಟು ಬಂದರೆ ಕಿಟಕಿ ಇಲ್ಲ. ದುಂಡನೆಯ ಡಬ್ಬಿಗೆ ಸೂಜಿತೂತು ಮಾಡಿ, ಒಳಗೆ ಫೋಟೊ ಕಾಗದ ಬಗ್ಗಿಸಿಟ್ಟರೆ ಇಡೀ ಖೋಲಿ ಸಿಗುತ್ತದೆಂದು ಕಲಬುರಗಿಯ ಒಂದು ಶಿಬಿರದಲ್ಲಿ ಕಲಿತಿದ್ದೆ. ಕಾಗದ, ಅದನ್ನು ತೊಳೆಯುವ ದ್ರಾವಣ ನನ್ನ ಹತ್ತಿರ ಉಳಿದಿದ್ದವು; ಡಬ್ಬಿಗೆ ಅಂಟಿಸುವ ತೂತಿನ ತಗಡನ್ನು ಮಾತ್ರ ಅಲ್ಲಿ ಅವರೇ ಕೊಟ್ಟಿದ್ದರು. ತರಿಸಿಕೊಳ್ಳಲು ಈಗ ವೇಳೆಯಿರಲಿಲ್ಲ. ಇರಲಿ, ನಾನೇ ಮಾಡುತ್ತೇನೆ ಎಂದು ಕೂತೆ.

ಮೊದಲು ಹಿಟ್ಟಿನ ಡಬ್ಬಿ ಖಾಲಿ ಮಾಡಿದೆ.

"ಹಿಟ್ಟು ಎದ್ರಾಗ ಇಡಲಿ, ನಿನ್ನ ತಲಿ ಮ್ಯಾಲ?" ಅಂದಳು ಅವ್ವ.

ತಂಪುಪಾನೀಯದ ಡಬ್ಬಿಯಿಂದ ತೆಳು ತಗಡು ಕತ್ತರಿಸಿ ಸೂಜಿಮೊನೆಯಿಂದ ಮೆಲ್ಲಗೆ ಒತ್ತಿದೆ. ಒಮ್ಮೆಲೇ ಚುಚ್ಚಬಾರದು. ಹಿಂಬದಿಗೆ ಉಬ್ಬಿದ್ದನ್ನು ಉಜ್ಜಿ ತೆಗೆದು ಮತ್ತೆ ಒತ್ತಬೇಕು, ಬೆಳಕು ಕಾಣುವ ತನಕ. ಅಂಚು ಚೂರು ಹರಿದರೂ ಚಿತ್ರ ಮಬ್ಬು. ಎಷ್ಟೋ ತಗಡು ಕೆಡಿಸಿದೆ. ಉಜ್ಜಲು ನಮ್ಮ ಕಡೆಯವರು ಇನ್ನೇನು ಹುಡುಕುತ್ತಾರೆ? ಚಾಕು, ಕುಡಗೋಲು ಎಲ್ಲಾ ಬಾಗಿಲ ಮುಂದಿನ ಶಹಾಬಾದ್ ಕಲ್ಲಿಗೇ. ನಾನೂ ನೀರು ಚಿಮುಕಿಸಿ ಅಲ್ಲೇ ಉಜ್ಜಿದೆ. ಕೈಗೆ ನುಣ್ಣಗೆ ಹತ್ತಿತು, ಹಿಗ್ಗಿಬಿಟ್ಟೆ. ತಗಡನ್ನು ಡಬ್ಬಿಗೆ ಅಂಟಿಸಿ ಖೋಲಿಯಲ್ಲಿಟ್ಟೆ. ಆಮೇಲೆ ಬಚ್ಚಲಲ್ಲಿ ಕತ್ತಲೆ ಮಾಡಿ ಕಾಗದ ತೊಳೆದು ನೋಡಿದರೆ, ಬೆಳಕು ಬಿದ್ದಲ್ಲಿ ಕಪ್ಪಾಗಬೇಕಾದದ್ದು ಬರೀ ಬಿಳುಪು. ಕಲ್ಲಿನ ರಾಡಿ ತೂತಿನಲ್ಲಿ ಕೂತು ಒಣಗಿ, ಗೋಡೆಗೆ ಗಿಲಾವು ಮಾಡಿದ ಹಾಗೆ ಮುಚ್ಚಿಬಿಟ್ಟಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಬಿಡುವ ಪೈಕಿ ಅಲ್ಲ ನಾನು. ಮತ್ತೆ ಹೊಸ ತಗಡು, ಈ ಸಲ ಒಣ ಮರಳುಕಾಗದ. ಬೆಳಕಿಗೆ ಹಿಡಿದರೆ ದುಂಡಗೆ, ಸಾಸಿವೆಗಿಂತ ಎಷ್ಟೋ ಸಣ್ಣದು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಡಬ್ಬಿಯನ್ನು ಖೋಲಿಯ ಮೂಲೆಯಲ್ಲಿ ತೂತು ತೆರೆದು ಇಟ್ಟೆ.

ಬಂತು. ಒಲೆ, ಕಪಾಟು, ಕಿಟಕಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ, ರೊಟ್ಟಿಬುಟ್ಟಿ, ಒಂದೂ ಬಿಟ್ಟಿಲ್ಲ. ಕಾಗದದ ಫೋಟೊ ತೆಗೆದು, ಫೋನಿನಲ್ಲಿ ಕಪ್ಪು ಬಿಳುಪು ಅದಲುಬದಲು ಮಾಡಿ ಅವ್ವನಿಗೆ ತೋರಿಸಿದೆ. ಅವಳು ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು.

"ನಾ ಎಲ್ಲಿದೀನಿ? ಮುಂಜಾನಿಂದ ಇಲ್ಲೇ ರೊಟ್ಟಿ ಬಡಿಲಿಕತ್ತಿದ್ನಲ್ಲ."

"ಅಲ್ಲಾಡೋರು ಇದರಾಗ ಬರಂಗಿಲ್ಲವ್ವ. ಒಂದು ಕಡಿ ಕುಂತಿದ್ರ ಬರ್ತಿದ್ದಿ."

ಅವಳು ಫೋನು ನನ್ನ ಕೈಗೆ ತಿರುಗಿ ಕೊಟ್ಟಳು. ಅವ್ವನಿಲ್ಲದ ಆ ಖೋಲಿ ತೆಗೆದುಕೊಂಡು ಏನು ಮಾಡಲಿ?

ಮರುದಿನ ಡಬ್ಬಿಗೆ ಮತ್ತೆ ಕಾಗದ ತುಂಬಿದೆ. ಒಲೆ ಹಚ್ಚಗೊಡಲಿಲ್ಲ, ಅಪ್ಪ ಖಾನಾವಳಿಯಿಂದ ಊಟ ತಂದರು. ಅವ್ವ ಕಿಟಕಿಗೆ ಎದುರಾಗಿ ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಬಹಳ ಹೊತ್ತಾದ ಮೇಲೆ ತುಟಿ ಅಲ್ಲಾಡೀತೆಂಬ ಹೆದರಿಕೆಯಲ್ಲೇ ಹೇಳಿದಳು:

"ಇಲ್ಲಿ ಕುಂತ್ರ ಗಾಳಿ ಭಾಳ ಚಲೋ ಬರ್ತದ. ಇಷ್ಟು ವರ್ಷ ಗೊತ್ತೇ ಆಗಲಿಲ್ಲ."