ಪೈಪು ಹಿಡಿಯಲು ಕಲಿಸಿದ ಮಗಳು

ಇಪ್ಪತ್ತೆರಡು ವರ್ಷ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು. ಸಂವೇಗ, ಅಂದರೆ ಮೊಮೆಂಟಮ್ ಸಂರಕ್ಷಣೆಯ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಬಂದೂಕು ಬರೆಯುತ್ತಿದ್ದೆ. ಗುಂಡು ಮುಂದಕ್ಕೆ ಹಾರಿದರೆ ಬಂದೂಕು ಹಿಂದಕ್ಕೆ ಒದೆಯುತ್ತದೆ; ಎರಡರ ಸಂವೇಗ ಕೂಡಿಸಿದರೆ ಮೊದಲಿನಂತೆ ಸೊನ್ನೆ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ನನ್ನ ಮಗಳ ತಲೆಗೆ ಮಾತ್ರ ಅದು ಹತ್ತಲೇ ಇಲ್ಲ. ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಎದುರಿಗೆ ಕೂರಿಸಿಕೊಂಡು ಎಷ್ಟು ಹೇಳಿಕೊಟ್ಟರೂ ಅಷ್ಟೇ; ಹನ್ನೆರಡನೆಯ ತರಗತಿಯಲ್ಲಿ ಹೇಗೋ ಪಾಸಾದಳು. ಮುಂದೆ ಬೆಂಕಿ ಆರಿಸುವ ಕೆಲಸದ ಕೋರ್ಸು ಸೇರುತ್ತೇನೆ ಎಂದಾಗ ನಾನು ಮೂರು ದಿನ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅವಳು ಸೇರಿದಳು. ವಿಕ್ರೋಳಿಯ ಒಂದು ಕಾರ್ಖಾನೆಯ ಅಗ್ನಿಶಾಮಕ ದಳದಲ್ಲಿ ಕೆಲಸವೂ ಸಿಕ್ಕಿತು.

ಕಳೆದ ವರ್ಷ ಆ ಕಾರ್ಖಾನೆಯವರು ಕೆಲಸಗಾರರ ಮನೆಯವರನ್ನೆಲ್ಲ ಒಂದು ದಿನ ಕರೆದಿದ್ದರು. ಬಯಲಿನಲ್ಲಿ ಹಳೆಯ ಮರದ ಪೆಟ್ಟಿಗೆಗಳ ರಾಶಿಗೆ ಬೆಂಕಿ ಹಚ್ಚಿದರು. ಮಗಳು ಪೈಪು ಎಳೆದುಕೊಂಡು ಓಡಿ ಬಂದು, ಕಾಲೂರಿ ನಿಂತು, ನೋಡನೋಡುತ್ತಿದ್ದಂತೆ ಆರಿಸಿಬಿಟ್ಟಳು. ಆಮೇಲೆ ನನ್ನತ್ತ ಕೈ ಬೀಸಿದಳು.

"ಅಮ್ಮಾ, ಬಾ. ನೀನೂ ಟ್ರೈ ಮಾಡು."

ಸೀರೆ ಸೆರಗು ಸಿಕ್ಕಿಸಿಕೊಂಡು ಹೋಗಿ ಪೈಪಿನ ಹಿತ್ತಾಳೆಯ ಮೂತಿ ಹಿಡಿದೆ.

"ಟೈಟ್ ಹಿಡ್ಕೋ. ಒಂದು ಕಾಲು ಪೀಛೆ. ನೀನು ಥೋಡಾ ಮುಂದೆ ಬಗ್ಗು." ಅವಳ ಕನ್ನಡದಲ್ಲಿ ಹಿಂದಿ ಬೆರೆತೇ ಇರುತ್ತದೆ.

"ಗೊತ್ತು ಕಣೇ," ಅಂದೆ.

ನೀರು ಬಿಟ್ಟರು. ಯಾರೋ ಎರಡೂ ಕೈಯಲ್ಲಿ ಎದೆಗೆ ನೂಕಿದ ಹಾಗಾಯಿತು. ನಾನು ಹಿಂದಕ್ಕೆ ವಾಲಿದೆ. ಬೀಳಲಿಲ್ಲ, ಬೆನ್ನಿಗೆ ಅವಳ ಭುಜ ಆತುಕೊಂಡಿತ್ತು.

"ನೀರು ಮುಂದೆ ಹೋಗತ್ತಲ್ಲ ಅಮ್ಮಾ, ಅಷ್ಟೇ ಜೋರಾಗಿ ನಮ್ಮನ್ನ ಪೀಛೆ ತಳ್ಳತ್ತೆ. ನಿನ್ನ ಮೊಮೆಂಟಮ್," ಎಂದು ಕಿವಿಯ ಹತ್ತಿರ ಕೂಗಿದಳು. ನೀರು ನಿಂತ ಮೇಲೆ ನಗುತ್ತ ಹೇಳಿದಳು: "ನೀನು ಹೇಳ್ಕೊಟ್ಟಾಗ ಸಮಝ್ ಆಗ್ಲಿಲ್ಲ. ಟ್ರೇನಿಂಗಲ್ಲಿ ಫಸ್ಟ್ ದಿನ ಬಿದ್ದೆ ನೋಡು, ಆಗ ಸಮಝ್ ಆಯ್ತು."

ಅವಳ ಮೇಲಧಿಕಾರಿ ವಿಜಯಪುರದ ಕಡೆಯವರು. ಒದ್ದೆ ಸೀರೆ ಹಿಂಡಿಕೊಳ್ಳುತ್ತಿದ್ದ ನನ್ನ ಹತ್ತಿರ ಬಂದು, "ಬಾಯೀರ, ಹೊಸಾ ಮಂದಿಗೆ ಪೈಪ್ ಹಿಡಿಯೂದು ಕಲಸಾಕಿ ಇಕೀನ ನೋಡ್ರಿ. ಇಕಿ ಕೈಯಾಗ ಕಲತವ್ರು ಮತ್ತ ಬೀಳಂಗಿಲ್ರಿ," ಅಂದರು.

ತಾನು ಕಲಿಸುತ್ತೇನೆಂದು ಮಗಳು ಒಂದು ದಿನವೂ ಮನೆಯಲ್ಲಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸಂಜೆ ಲೋಕಲ್ ರೈಲಿನಲ್ಲಿ ಅವಳು ಯೂನಿಫಾರ್ಮ್‌ನಲ್ಲೇ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಎದುರಿನ ಸೀಟಿನ ಹೆಂಗಸು ಕುತೂಹಲದಿಂದ, "ಪೊಲೀಸ್ ಮೇಂ ಹೈ ಕ್ಯಾ?" ಎಂದಳು.

"ನಹೀಂ. ಆಗ್ ಬುಝಾತೀ ಹೈ. ಮೇರೀ ಬೇಟೀ," ಎಂದೆ. ಬೆಂಕಿ ಆರಿಸುತ್ತಾಳೆ, ನನ್ನ ಮಗಳು. ಆ ಹೆಂಗಸು ಕೇಳಿದ್ದು ಒಂದೇ ಮಾತು. ನಾನು ಇಳಿಯಬೇಕಾದ ಕುರ್ಲಾ ಬರುವವರೆಗೂ ಮಗಳ ವಿಷಯ ಹೇಳುತ್ತಲೇ ಇದ್ದೆ.