ಉಡದ ಮನೆಗೆ ಗಿರಾಕಿಗಳು

ನಾನು ನ್ಯೂಜೆರ್ಸಿಯಲ್ಲಿ ಮನೆ ಮಾರಿಸುವವಳು. ಮೊನ್ನೆ ಮಾನ್ಮತ್ ಜಂಕ್ಷನ್ನಿನ ಒಂದು ಮನೆ ಮೈಸೂರಿನ ದಂಪತಿಗೆ ತುಂಬ ಹಿಡಿಸಿತ್ತು. ಪೂರ್ವಕ್ಕೆ ಬಾಗಿಲು, ಒಳ್ಳೆಯ ಸ್ಕೂಲು, ದೇವರಿಗೆ ಈಶಾನ್ಯದಲ್ಲಿ ಪುಟ್ಟ ಕೋಣೆ. ಆ ಕೋಣೆಯ ಬಾಗಿಲು ತೆಗೆದರೆ ಒಳಗೆ ನನ್ನಷ್ಟುದ್ದದ ಉಡ ಮಲಗಿತ್ತು.

“ತುಂಬ ಸಾಧು, ಮುಟ್ಟಿ ನೋಡಿ,” ಅಂದ ಅದನ್ನು ಸಾಕಿದ್ದ ಅಮೆರಿಕನ್ ಯಜಮಾನ.

ಗಂಡ ಅಂಗಳಕ್ಕೆ ಹಾರಿದರು. “ಉಡ ಹೊಕ್ಕ ಮನೆ ಆಗಿಬರಲ್ಲ ಮೇಡಂ, ಕ್ಯಾನ್ಸಲ್ ಮಾಡಿ.”

“ಅದು ಓನರ್ ಜೊತೆ ಹೋಗುತ್ತೆ,” ಅಂದೆ.

“ಅದು ಹೋಗುತ್ತೆ, ದೋಷ ಇಲ್ಲೇ ಇರುತ್ತೆ!”

ವಾರಗಟ್ಟಲೆ ಅವರನ್ನು ಸುತ್ತಾಡಿಸಿದ್ದ ನಾನು ಮತ್ತೆ ಮನೆಗಳ ಪಟ್ಟಿ ತೆಗೆದೆ. ಹೆಂಡತಿ ಮಾತ್ರ, “ಸುಮ್ನಿರ್ರೀ, ಈ ಸ್ಕೂಲ್ ಡಿಸ್ಟ್ರಿಕ್ಟ್ ಮತ್ತೆ ಸಿಗಲ್ಲ,” ಎನ್ನುತ್ತ ಮೈಸೂರಿನ ಪುರೋಹಿತರಿಗೆ ವಿಡಿಯೊ ಕಾಲ್ ಮಾಡಿ ಉಡವನ್ನೇ ತೋರಿಸಿದರು.

ಪುರೋಹಿತರು ಕನ್ನಡಕ ಏರಿಸಿ ನೋಡಿದರು. “ಈಗ ಅಲ್ಲಿ ವಾಸ ಇರೋದು ಅದೇ ತಾನೇ ಅಮ್ಮಾ? ನಮ್ಮನೆಗೆ ಉಡ ಬಂದರೆ ನಮಗೆ ದೋಷ. ಇಲ್ಲಿ ಉಡದ ಮನೆಗೆ ನೀವು ಹೋಗಿದ್ದೀರಿ. ದೋಷ ಇದ್ರೆ ಅದಕ್ಕೇ.”

ಸಂಜೆಯೊಳಗೆ ಇಷ್ಟಕ್ಕೆ ಕೊಳ್ಳುತ್ತೇವೆಂದು ಆಫರ್ ಹೋಯಿತು. ಮಾರನೆಯ ದಿನ ಯಜಮಾನನ ಫೋನು: ನಾವು ಬಂದುಹೋದಾಗಿನಿಂದ ಉಡ ಏನೂ ತಿನ್ನುತ್ತಿಲ್ಲವಂತೆ. ಒಂದು ಶಾಂತಿ ಮಾಡಿಸಿ ಅನ್ನೋಣವೆಂದುಕೊಂಡೆ. ಮೊದಲು ಕ್ಲೋಸಿಂಗ್ ಮುಗಿದು ಮನೆ ಇವರ ಹೆಸರಿಗಾಗಲಿ ಅಂತ ಸುಮ್ಮನಾದೆ.