ಲಿಸಾಂದ್ರೊ ಸಾಯಬಾರದು ಎಂದು ಕೈ ಎತ್ತಿದವರು

ಬ್ರೌಲಿಯಾ ಪ್ರೇಮಕಥೆ ಬರೆಯುತ್ತಿದ್ದಾಳೆಂದು ಗೊತ್ತಾದಾಗ ಮೊದಲು ನಕ್ಕವಳು ನಾನೇ. ಹದಿನೆಂಟು ವರ್ಷದಿಂದ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತು ತಂಬಾಕಿನ ಎಲೆಯ ನರ ಸೀಳಿ ತೆಗೆಯುತ್ತಿದ್ದೆವು. ಅವಳಿಗೆ ನಲವತ್ತು ದಾಟಿತ್ತು, ಮದುವೆಯಿಲ್ಲ, ಮಾತು ಕಡಿಮೆ. ಇಂಥವಳಿಗೆ ಪ್ರೇಮದ ಗಂಧವಾದರೂ ಎಲ್ಲಿ ಗೊತ್ತು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ!

ನಮ್ಮೂರು ಕಮಹುವಾನಿಯ ಚುಟ್ಟಾ ಕಾರ್ಖಾನೆಯಲ್ಲಿ ಕೈಗೆ ಕೆಲಸ, ಕಿವಿಗೆ ಕಥೆ. ಎತ್ತರದ ಕುರ್ಚಿಯಲ್ಲಿ ಕೂತು ದೋನ್ ಫೆರ್ಮಿನ್ ನಮಗೆಲ್ಲ ಓದಿ ಹೇಳುತ್ತಿದ್ದರು. ಬೆಳಿಗ್ಗೆ ಪೇಪರು, ಊಟವಾದ ಮೇಲೆ ಕಾದಂಬರಿ. ಅವರಿಗೆ ಸಂಬಳ ಕೊಡುವವರು ಯಜಮಾನನಲ್ಲ, ನಾವು. ಹಾಗಾಗಿ ಏನು ಓದಬೇಕು, ಏನು ಬೇಡ ಎಂದು ಕೈ ಎತ್ತಿ ತೀರ್ಮಾನಿಸುವವರೂ ನಾವೇ. ಕಥೆ ಹಿಡಿಸಿದರೆ ಚುಟ್ಟಾ ಸುತ್ತುವವರು ಎಲೆ ಕತ್ತರಿಸುವ ಚೂರಿಯಿಂದ ಹಲಗೆ ಕುಟ್ಟುತ್ತಾರೆ. ಹಿಡಿಸದಿದ್ದರೆ ಚೂರಿ ನೆಲಕ್ಕೆ ಬೀಳುತ್ತದೆ.

ಕಾದಂಬರಿಯ ಬದಲು ವಾರಕ್ಕೊಮ್ಮೆ ಬ್ರೌಲಿಯಾ ಬರೆದದ್ದನ್ನು ಓದುವುದೆಂದಾಯಿತು; ಅವಳ ಮೊದಲ ಕಂತಿಗೆ ಅಷ್ಟೂ ಚೂರಿ ನೆಲಕ್ಕೆ ಬಿದ್ದವು. ಲಿಸಾಂದ್ರೊ ಎಂಬ ನಾಯಕನನ್ನು ಕಂಡು ನಾಯಕಿಯ ಎದೆ ಡವಗುಟ್ಟಿತು, ಮೊಣಕಾಲು ಕರಗಿತು, ಚಂದ್ರ ನಾಚಿದ, ಹೀಗೇ ಇತ್ತು.

“ಎದೆ ಡವಡವ ಅಂದ್ರೆ ಡಾಕ್ಟ್ರ ಹತ್ರ ಕಳ್ಸಮ್ಮಾ!” ಎಂದು ಕೂಗಿದ ಕಂದಿದೊ. ಚುಟ್ಟಾ ಸುತ್ತುವುದರಲ್ಲಿ ಎತ್ತಿದ ಕೈ, ಬಾಯಿಯೂ ಅಷ್ಟೇ. “ಮೊಣಕಾಲಿಗೊಂದಿಷ್ಟು ಎಣ್ಣೆ ತಿಕ್ಕು!”

ಬ್ರೌಲಿಯಾ ತಲೆ ತಗ್ಗಿಸಿ ಎಲೆ ಸೀಳುತ್ತಲೇ ಇದ್ದಳು. ನನಗೆ ಪಾಪವೂ ಅನಿಸಿತು, ಸಿಟ್ಟೂ ಬಂತು.

“ಯಾರ ಪ್ರೇಮಾನೇ ಇದು, ಊರೋರದ್ದಾ?” ಎಂದೆ. “ನಿಂಗೆ ಯಾರ ಮೇಲಾದ್ರೂ ಮನಸ್ಸಾಗಿದ್ರೆ ಅದನ್ನ ಬರಿ. ಇಲ್ದಿದ್ರೆ ತೆಪ್ಪಗೆ ಕೆಲ್ಸ ನೋಡು.”

ಮುಂದಿನ ವಾರದ ಕಂತೇ ಬೇರೆ. ಲಿಸಾಂದ್ರೊ ಬರುವ ದಿನ ನಾಯಕಿಗೆ ವಿನಾಕಾರಣ ಸಿಟ್ಟು; ಮೇಕೆಗೂ ಬೈಯುತ್ತಾಳೆ, ತಂಗಿಗೂ ಬೈಯುತ್ತಾಳೆ. ಅವನು ಕೂತೆದ್ದ ಸ್ಟೂಲಿನ ಮೇಲೆ ಇಡೀ ಸಂಜೆ ಯಾರನ್ನೂ ಕೂರಲು ಬಿಡುವುದಿಲ್ಲ. ಅವನು ಕಾಫಿ ಕುಡಿದಿಟ್ಟ ಲೋಟ ತೊಳೆಯಲು ಕೈಯೇ ಬರುವುದಿಲ್ಲ. ಹಸಿ ಎಲೆಯನ್ನು ಹರಿಯದಂತೆ ಅಂಗೈ ಮೇಲೆ ಬಿಡಿಸುವಾಗ ಉಸಿರು ಹಿಡಿಯುತ್ತೇವಲ್ಲ, ಅವನು ಮಾತಾಡುವಷ್ಟು ಹೊತ್ತೂ ಅವಳಿಗೆ ಹಾಗೆ.

ಓದು ಮುಗಿದದ್ದೇ ಕಂದಿದೊನ ಚೂರಿಯೇ ಮೊದಲು ಹಲಗೆ ಕುಟ್ಟಿತು. ನನಗಂತೂ ಹೊಟ್ಟೆಕಿಚ್ಚಾಯಿತು. ನನ್ನ ಗಂಡನ ಲೋಟವನ್ನು ಸಾವಿರ ಸಲ ತೊಳೆದಿದ್ದೇನೆ, ಒಂದು ಸಲವೂ ಕೈ ತಡೆದಿರಲಿಲ್ಲ.

ನಾಲ್ಕು ತಿಂಗಳು ಕಥೆ ಓಡಿತು. ಬ್ರೌಲಿಯಾ ಸೊರಗುತ್ತ ಬಂದಳು. ಒಂದು ಬೆಳಿಗ್ಗೆ ತಾನಾಗಿಯೇ ಬಾಯಿಬಿಟ್ಟಳು.

“ಅವನು ಬರ್ತಾನೆ, ತೋಮಸಾ.”

“ಯಾರೇ?”

“ಎವೇಲಿಯೊ.”

ಕೈಬಾರಿಯೆನ್‌ನಲ್ಲಿ ಸಮುದ್ರದ ಸ್ಪಂಜು ತೆಗೆಯುವ ದೋಣಿಯವನಂತೆ. ಹತ್ತೊಂಬತ್ತು ವರ್ಷದ ಹಿಂದೆ ಬಿರುಗಾಳಿಯಲ್ಲಿ ದೋಣಿ ಮುಳುಗಿತು, ಹೆಣ ಸಿಗಲಿಲ್ಲ. ಮದುವೆಯಾದವನಲ್ಲ, ಹಾಗಾಗಿ ಇವಳು ಶೋಕದ ಕಪ್ಪು ಬಟ್ಟೆ ಉಡುವಂತಿಲ್ಲ, ಯಾರೆದುರೂ ಅಳುವಂತಿಲ್ಲ.

“ಬರೀತಾ ಕೂತ್ರೆ ಎದುರಿಗೆ ಬಂದು ಕೂರ್ತಾನೆ. ಮೊದಮೊದ್ಲು ಖುಷಿಯಾಗ್ತಿತ್ತು ಕಣೆ. ಈಗ ನಾನು ಬರೆದ ಮಾತನ್ನೇ ಆಡ್ತಾನೆ. ಲಿಸಾಂದ್ರೊಗೆ ಮೀಸೆ ಇತ್ತು ಅಂತ ಬರೆದೆ, ಇವ್ನಿಗೂ ಮೀಸೆ ಬಂದಿದೆ. ಎವೇಲಿಯೊಗೆ ಮೀಸೆ ಇರ್ಲಿಲ್ಲ ತೋಮಸಾ! ಅವ್ನ ಸ್ವಂತ ಮಾತು ಒಂದೊಂದೇ ಮರ್ತು ಹೋಗ್ತಿದೆ ನಂಗೆ.”

ಕೈಯಲ್ಲಿದ್ದ ಎಲೆ ಕೆಳಗಿಟ್ಟೆ.

“ಹಾಗಾದ್ರೆ ನಿಲ್ಸಿಬಿಡೇ ಮಾರಾಯ್ತಿ.”

“ನಿಲ್ಲಿಸ್ತೀನಿ. ಈ ವಾರ ಲಿಸಾಂದ್ರೊನ ಸಮುದ್ರಕ್ಕೆ ಕಳಿಸ್ತೀನಿ. ಅವನು ಸತ್ರೆ ನನ್ನವನಾದ್ರೂ ನಂಗುಳೀತಾನೆ.”

ಹೇಳಿದಂತೆಯೇ ಬರೆದಳು. ದೋಣಿ ಹೊರಟಿತು, ಮೋಡ ಕವಿಯಿತು, ಗಾಳಿ ಎದ್ದಿತು. ದೋನ್ ಫೆರ್ಮಿನ್ ಹಾಳೆ ತಿರುವುವಷ್ಟರಲ್ಲಿ ಕಂದಿದೊ ಬೆಂಚು ಹತ್ತಿ ನಿಂತುಬಿಟ್ಟ.

“ಲಿಸಾಂದ್ರೊ ಸಾಯ್ಬಾರ್ದು! ಇದನ್ನ ಓದೋದೇ ಬೇಡ, ಬೇರೆ ಬರೀಲಿ! ಎತ್ರೋ ಕೈನ!”

ಹಜಾರಕ್ಕೆ ಹಜಾರವೇ ಕೈ ಎತ್ತಿತು. ಸುಳ್ಳೇಕೆ ಹೇಳಲಿ, ನನ್ನ ಕೈಯೂ ಎದ್ದಿತ್ತು. ಎಲ್ಲ ಗೊತ್ತಿದ್ದೂ ಎತ್ತಿದೆ. ವಾರಕ್ಕೊಂದು ಗಂಟೆ ಆ ಪ್ರೇಮ ಕೇಳಿಸಿಕೊಳ್ಳದೆ ನಾನು ಮನೆಗೆ ಹೋಗಿ ಮಾಡುವುದೇನಿತ್ತು? ಬ್ರೌಲಿಯಾ ನನ್ನ ಕೈಯನ್ನು ನೋಡಿದಳು. ಮುಂದಿನ ಕಂತಿನಲ್ಲಿ ಲಿಸಾಂದ್ರೊ ಈಜಿ ದಡ ಸೇರಿದ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅವಳ ಮನೆಗೆ ಹೋದೆ. ಮೇಜಿನ ಮೇಲೆ ಎರಡು ಲೋಟ ಕಾಫಿ, ಎದುರಿಗೆ ಖಾಲಿ ಕುರ್ಚಿ. ಕುರ್ಚಿ ಎಳೆದು ಕೂರಲು ಹೋದವಳನ್ನು ತಡೆದಳು.

“ಎವೇಲಿಯೊ ಇನ್ನೂ ಬರ್ತಿದ್ದಾನೇನೇ?” ಎಂದು ಮೆಲ್ಲಗೆ ಕೇಳಿದೆ.

“ಯಾರು?” ಎಂದಳು. ಗಳಿಗೆ ಬಿಟ್ಟು ನೆನಪಾಯಿತು. ಏಪ್ರನ್ ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ.

ಮಾರನೆಯ ದಿನ ಓದು ಶುರುವಾಗುವ ಮೊದಲೇ ಎದ್ದು ನಿಂತೆ. “ಲಿಸಾಂದ್ರೊ ಬರೀ ಕಥೆಯಲ್ಲ ಕಣ್ರಪ್ಪಾ,” ಎಂದು ಎಲ್ಲವನ್ನೂ ಹೇಳಿದೆ. ದೋಣಿ, ಸಿಗದ ಹೆಣ, ಮೀಸೆ, ಎರಡು ಲೋಟ. ನನ್ನ ಕೈ ಎದ್ದದ್ದನ್ನೂ ಹೇಳಿದೆ. ಕಂದಿದೊ ಟೋಪಿ ತೆಗೆದ.

“ಎಂಥಾ ಪಾಪ ಮಾಡಿಸಿಬಿಟ್ಟೆ ನಾನು! ಹೋಗ್ಲಿ ಬಿಡ್ರೋ ಅವನು, ಪುಣ್ಯಾತ್ಮ.”

“ಹೋಗ್ಲಿ ಅನ್ನೋರು?” ಎಂದರು ದೋನ್ ಫೆರ್ಮಿನ್. ಕೈಗಳು ಒಂದೊಂದಾಗಿ ಎದ್ದವು. ಎದುರಿಗೆ ಕಂಡಷ್ಟೂ ಜನರ ಕೈ. ಅವರು ತಲೆಯಾಡಿಸಿ, ಪದ್ಧತಿಯಂತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. “ಬೇಡ ಅನ್ನೋರು?”

ನನ್ನ ಪಕ್ಕದಲ್ಲಿ ಬ್ರೌಲಿಯಾಳ ಕೈ ಮೇಲೆದ್ದಿತು.

“ಏನೇ ಇದು? ನೀನೇ ತಾನೇ ಹೋಗ್ಲಿ ಅಂದಿದ್ದು?”

“ಅಂದಿದ್ದೆ,” ಎಂದಳು. “ಅವತ್ತು ಸಮುದ್ರದಲ್ಲಿ ಅವನು ಹೋದಾಗ ಯಾರೂ ನನ್ನ ಒಂದು ಮಾತು ಕೇಳ್ಲಿಲ್ಲ, ತೋಮಸಾ. ಇವತ್ತು ಕೇಳ್ತಿದ್ದಾರೆ. ಕೇಳಿದ್ಮೇಲೆ ಹೋಗ್ಲಿ ಅಂತ ನಾನು ಹೇಗನ್ಲಿ?”

ದೋನ್ ಫೆರ್ಮಿನ್ ಲೆಕ್ಕ ಹೇಳಲಿಲ್ಲ. ಆ ದಿನದ ಹಾಳೆ ತೆಗೆದು ಓದತೊಡಗಿದರು. ಲಿಸಾಂದ್ರೊ ಬಾಗಿಲು ತಟ್ಟಿದ.